ಎದೆಯ ಮೇಲಿನ ದೀಪ ಹೇಗಿದೆ?

ತುರುವೇಕೆರೆಯ ಷಡಕ್ಷರಿ ಮೇಷ್ಟ್ರ ಎದೆಗೆ ಎರಡು ಕಾವಲುಗಳಿದ್ದವು. ಒಂದು, ಹುಟ್ಟಿದಾಗ ಮಠದ ಅಯ್ಯನವರು ಕಟ್ಟಿದ ಇಷ್ಟಲಿಂಗ. ಇನ್ನೊಂದು, ನಿವೃತ್ತಿಯಾದ ಮೇಲೆ ತುಮಕೂರಿನ ಡಾಕ್ಟರು ಎಡಗಡೆ, ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ ಇಟ್ಟು ಹೊಲಿದ ಕರಗು ಡಬ್ಬಿ. ಮನೆಗೆ ಯಾರೇ ಬಂದರೂ ಮೇಷ್ಟ್ರು ಅಂಗಿಯ ಗುಂಡಿ ಬಿಚ್ಚಿ, "ಇದು ಕಟ್ಟಿದ್ದು, ಇದು ಕರಗ್ಸೋದು," ಎಂದು ಎರಡನ್ನೂ ತೋರಿಸುತ್ತಿದ್ದರು.

"ತೋರಿಸಿದ್ದು ಸಾಕು, ಗುಂಡಿ ಹಾಕ್ಕೊಳ್ಳಿ," ಎಂದು ಹೆಂಡತಿ ಸರ್ವಮಂಗಳಮ್ಮ ಒಳಗಿನಿಂದಲೇ ಗದರುತ್ತಿದ್ದರು. "ಓಟದಲ್ಲಿ ಪದಕ ಗೆದ್ದೋರ ಥರ ಆಡ್ತಾರೆ."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ಮಕ್ಕಳನ್ನು ಓಡಿಸಿದವರಿಗೆ ಆ ಮಾತು ಸರಿಯಾಗಿಯೇ ತಾಕುತ್ತಿತ್ತು. ಗುಂಡಿ ಹಾಕಿಕೊಳ್ಳುತ್ತಿದ್ದರು.

ಡಬ್ಬಿ ಅಂದರೆ ಅವರೆಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅದರೊಳಗೆ ಒಂದಿಷ್ಟು ಮದ್ದು, ಹೃದಯದ ಬಡಿತವನ್ನು ಹಗಲೂ ರಾತ್ರಿ ಆಲಿಸುವ ಒಂದು ಎಳೆ, ಒಂದು ಬ್ಯಾಟರಿ. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದೇ ಹೃದಯಾಘಾತ. ಆ ಹೆಪ್ಪನ್ನು ಕರಗಿಸುವ ಮದ್ದು ಹೊಸದೇನಲ್ಲ, ಮೇಷ್ಟ್ರ ಅಪ್ಪನ ಕಾಲದಲ್ಲೂ ದೊಡ್ಡಾಸ್ಪತ್ರೆಗಳಲ್ಲಿ ಅದನ್ನು ಕೊಡುತ್ತಿದ್ದರು. ತೊಂದರೆ ಇದ್ದದ್ದು ಮದ್ದಿನಲ್ಲಲ್ಲ, ದೂರದಲ್ಲಿ. ಹೆಪ್ಪು ಎಳೆಯದಿದ್ದಾಗ ಸುಲಭವಾಗಿ ಕರಗುತ್ತದೆ. ಹೊತ್ತು ಕಳೆದಷ್ಟೂ ಬಲಿಯುತ್ತದೆ, ಅಷ್ಟರಲ್ಲಿ ರಕ್ತ ಸಿಗದ ಹೃದಯದ ಮಾಂಸ ಒಂದೊಂದೇ ತುಣುಕಾಗಿ ಸಾಯುತ್ತದೆ. ಊರಿನಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಎಷ್ಟೋ ಎದೆಗಳು ನಿಂತುಹೋಗಿದ್ದವು. ರೋಗಿಯನ್ನು ಮದ್ದಿನ ಹತ್ತಿರ ಒಯ್ಯುವ ಬದಲು ಮದ್ದನ್ನೇ ಎದೆಯಲ್ಲಿಟ್ಟರೆ ಹೇಗೆ ಎಂದು ಯಾರೋ ಯೋಚಿಸಿದರು. ಹಾಗೆ ಬಂದದ್ದು ಡಬ್ಬಿ.

"ಹಾಲಿಗೆ ಹೆಪ್ಪು ಹಾಕೋಳು ನಾನು, ಇವರ ಹೆಪ್ಪು ಕರಗ್ಸೋದು ಸರ್ಕಾರ," ಎಂದು ಸರ್ವಮಂಗಳಮ್ಮ ನಗುತ್ತಿದ್ದರು.

ಡಬ್ಬಿಗೊಂದು ದೀಪವಿತ್ತು. ಚರ್ಮದ ಒಳಗಿನಿಂದ ಸಾಸಿವೆಕಾಳಿನಷ್ಟು ಹಸಿರು ಬೆಳಕು ಕಾಣುತ್ತಿತ್ತು. ಹಸಿರು ನಿಶ್ಚಲವಾಗಿದ್ದರೆ ಎಲ್ಲ ಸರಿಯಿದೆ, ಮದ್ದು ಸಿದ್ಧವಿದೆ ಎಂದರ್ಥ. ಕೆಂಪಾಗಿ ಮಿನುಗಿದರೆ ಹೆಪ್ಪು ಕಟ್ಟಿದೆ. ಬೆಳಕೇ ಇಲ್ಲದಿದ್ದರೆ ಡಬ್ಬಿ ಸತ್ತಿದೆ, ಅದನ್ನು ನಂಬಿಕೊಂಡು ಕೂರುವಂತಿಲ್ಲ, ತುಮಕೂರಿನ ಕರಗು ಕೇಂದ್ರ ತಕ್ಷಣ ಹತ್ತಿರದ ಊರಿನಿಂದ ಮದ್ದಿನ ಸಮೇತ ಆಂಬುಲೆನ್ಸ್ ಕಳಿಸಬೇಕು.

ಮುಸ್ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಸರ್ವಮಂಗಳಮ್ಮ ಜಗಲಿಗೆ ಬಂದು, ಗಂಡನ ಅಂಗಿಯ ಕತ್ತಿನ ಪಟ್ಟಿಯನ್ನು ಬೆರಳಿನಿಂದ ಸರಿಸಿ, ಆ ಹಸಿರನ್ನು ನೋಡಿ, ಕೈಮುಗಿದು ಒಳಗೆ ಹೋಗುತ್ತಿದ್ದರು. ಮೇಷ್ಟ್ರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

"ಹಂಗೇ ಒಂದು ಕಾಯಿನೂ ಒಡೆದುಬಿಡು. ಮುಗ್ದೋಗ್ಲಿ ನಂದು."

"ಬಾಯಲ್ಲಿ ಏನು ಬರುತ್ತೆ ನಿಮಗೆ. ಬಿಡ್ತು ಅನ್ನಿ."

"ಬಿಡ್ತು."

"ನಗ್ತಾ ಅನ್ನೋದಲ್ಲ."

ಗೋಡೆಗೆ ಒಂದು ಪೆಟ್ಟಿಗೆ ಹಾಕಿಕೊಟ್ಟಿದ್ದರು. ಡಬ್ಬಿಯಿಂದ ಬಂದ ಸುದ್ದಿಯನ್ನು ಕೇಂದ್ರಕ್ಕೆ ಮುಟ್ಟಿಸುವುದು ಅದರ ಕೆಲಸ. ಗುಂಡಿ ಒತ್ತಿದರೆ ಅದು ಮಾತಾಡುತ್ತಿತ್ತು, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿತ್ತು. ಅದರ ದನಿ ಮೇಷ್ಟ್ರ ಒಬ್ಬಳೇ ಮಗಳು ಮೇದಿನಿಯದು.

ಮೇದಿನಿ ಕನ್ನಡ ಎಂ.ಎ. ಮಾಡಿದವಳು. ಕ್ಲಾಸಿನಲ್ಲಿ ಹಾಜರಿ ಕೂಗಿದಾಗಲೂ ಅವಳ 'ಬಂದಿದ್ದೇನೆ' ಮುಂದಿನ ಬೆಂಚಿಗೆ ಕೇಳಿಸುತ್ತಿರಲಿಲ್ಲ. ಕೇಂದ್ರದಲ್ಲಿ ಅವಳಿಗೆ ಸಿಕ್ಕಿದ್ದು ಪ್ರಶ್ನೆಗಳನ್ನು ಸರಳ ಕನ್ನಡದಲ್ಲಿ ಬರೆಯುವ ಕೆಲಸ. ಬರೆದದ್ದನ್ನು ಒಂದು ದಿನ ಮುಖ್ಯ ವೈದ್ಯ ಜೆರಾಲ್ಡ್ ಪಿಂಟೊ ಅವರ ಮುಂದೆ ಓದಿ ತೋರಿಸುವಾಗ ಅವರು ಕಣ್ಣು ಮುಚ್ಚಿ ಕೇಳಿ, "ಇದೇ ಸ್ವರ ಇರ್ಲಿ ಮಾರಾಯ್ತಿ. ಗಾಬರಿ ಆದವರಿಗೆ ಗಟ್ಟಿ ಸ್ವರ ಆಗುವುದಿಲ್ಲ," ಅಂದಿದ್ದರು. ಹಾಗೆ, ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ ಸಾವಿರಾರು ಮನೆಗಳ ಗೋಡೆಯ ಮೇಲೆ ಮಾತಾಡತೊಡಗಿದಳು.

ಪೆಟ್ಟಿಗೆಯನ್ನು ವಾರಕ್ಕೊಮ್ಮೆ ಒತ್ತಿ ಪರೀಕ್ಷಿಸಿದರೆ ಸಾಕಿತ್ತು. ಸರ್ವಮಂಗಳಮ್ಮ ದಿನಾ ಒತ್ತುತ್ತಿದ್ದರು.

"ನಮಸ್ಕಾರ, ಕರಗು ಕೇಂದ್ರದಿಂದ ಮಾತಾಡುತ್ತಿದ್ದೇನೆ. ಎದೆಯ ಮೇಲಿನ ದೀಪ ಹೇಗಿದೆ?"

"ಚೆನ್ನಾಗಿ ಉರೀತಿದೆ ಕಣಮ್ಮಾ."

"ಚೆನ್ನಾಗಿ ಉರೀತಿದೆ ಎಂದಿರಿ. ಸಂತೋಷ. ನಮಸ್ಕಾರ."

ಹೇಳಿದವರ ಮಾತನ್ನೇ ಎತ್ತಿಕೊಂಡು ಮರಳಿ ಹೇಳುವುದು ಪೆಟ್ಟಿಗೆಯ ಪದ್ಧತಿ. ತಮ್ಮ ಮಾತು ಅರ್ಥವಾಯಿತು ಎಂಬ ಧೈರ್ಯ ಬರಲಿ ಎಂದು ಹಾಗೆ ಮಾಡಿದ್ದರು. ರಜೆಗೆ ಬಂದಾಗ ಇದನ್ನು ಕೇಳಿ ಮೇದಿನಿ ನಾಚಿಕೆಯಿಂದ ಕೋಣೆ ಸೇರುತ್ತಿದ್ದಳು. "ನೋಡ್ರೀ, ಎದುರಿಗಿದ್ರೆ ಹೂಂ ಉಹೂಂ ಅಷ್ಟೇ. ಗೋಡೆ ಮೇಲಿದ್ರೆ ನಮಸ್ಕಾರ ಬೇರೆ ಮಾಡ್ತಾಳೆ," ಎಂದು ಅಮ್ಮ ಅವಳಿಗೆ ಕೇಳುವಂತೆಯೇ ಹೇಳುತ್ತಿದ್ದರು.

ಕೇಂದ್ರದಲ್ಲಿ ಅವಳ ಕೆಲಸ ದನಿ ಕೊಡುವುದಕ್ಕೇ ಮುಗಿಯುತ್ತಿರಲಿಲ್ಲ. ಡಬ್ಬಿ ತಾನಾಗಿ ಮದ್ದು ಬಿಡುವಂತಿರಲಿಲ್ಲ. ಆ ಮದ್ದಿಗೆ ವಿವೇಕವಿಲ್ಲ ಎಂದು ಡಾಕ್ಟರ್ ಪಿಂಟೊ ಹೇಳುತ್ತಿದ್ದರು. ಹೃದಯದ ನಾಳವನ್ನು ಮುಚ್ಚಿದ ಹೆಪ್ಪು ಯಾವುದು, ತಲೆಗೆ ಪೆಟ್ಟು ಬಿದ್ದಾಗ ರಕ್ತ ಸೋರದಂತೆ ಮೈಯೇ ಕಟ್ಟಿಕೊಂಡ ಹೆಪ್ಪು ಯಾವುದು, ಅದಕ್ಕೆ ಗೊತ್ತಿಲ್ಲ. ಸಿಕ್ಕಿದ್ದನ್ನೆಲ್ಲ ಕರಗಿಸುತ್ತದೆ. ಬಚ್ಚಲಲ್ಲಿ ಜಾರಿಬಿದ್ದವರ ಎದೆಯಲ್ಲಿ ಮದ್ದು ಬಿಟ್ಟರೆ ಎದೆ ಉಳಿಯುತ್ತದೆ, ಮಿದುಳಿನಲ್ಲಿ ರಕ್ತ ಹರಿಯುತ್ತದೆ. ಅದಕ್ಕೇ ಮೊದಲು ಮನೆಯವರನ್ನು ಕೇಳಬೇಕು. ಬಿದ್ದಿದ್ದರಾ, ರಕ್ತ ಕಾರಿದ್ದರಾ, ಮಲ ಕಪ್ಪಗಿತ್ತಾ, ಮಾತು ತೊದಲುತ್ತಿದೆಯಾ. ಉತ್ತರ ಸರಿಯಿದ್ದರೆ ಮಾತ್ರ ಕೇಂದ್ರ ಅಪ್ಪಣೆ ಕೊಡುತ್ತದೆ.

ಎಲ್ಲಕ್ಕಿಂತ ಮೊದಲು ದೀಪದ ಪ್ರಶ್ನೆ. ಹಳ್ಳಿಗಳ ಕಡೆ ನೆಟ್‌ವರ್ಕ್ ಬರುವುದು ಹೋಗುವುದು ಇದ್ದದ್ದೇ. ಡಬ್ಬಿಯಿಂದ ಸುದ್ದಿ ಬರದಿದ್ದರೆ ಅದು ಸತ್ತಿದೆಯೋ, ಸುದ್ದಿ ದಾರಿಯಲ್ಲಿ ನಿಂತಿದೆಯೋ ಕೇಂದ್ರಕ್ಕೆ ತಿಳಿಯದು. ಕಣ್ಣಿಂದ ನೋಡಿ ಹೇಳುವವರು ಮನೆಯವರೇ. ಜನ ಹೇಳುವ ನೂರು ಬಗೆಯ ಮಾತನ್ನು ಕೇಳಿ, ಮಿನುಗುತ್ತಿದೆ, ನಿಶ್ಚಲವಾಗಿದೆ, ಆರಿದೆ ಎಂಬ ಮೂರು ಗುಂಪಿಗೆ ಹಾಕಿ ಯಂತ್ರಕ್ಕೆ ಕಲಿಸುವುದು ಮೇದಿನಿಯ ಕೆಲಸ. 'ಪಕಪಕ ಅಂತಿದೆ' ಅಂದರೆ ಮೊದಲನೆಯದು. 'ಸುಮ್ಕಿದೆ', 'ಹಂಗೇ ಐತೆ' ಅಂದರೆ ಎರಡನೆಯದು. 'ಕರೆಂಟು ಹೋಗೈತೆ' ಅಂದರೆ ಮೂರನೆಯದು. ಆ ಎರಡನೆಯ ಗುಂಪಿಗೆ ಒಂದು ದಿನ ಅವಳು 'ಶಾಂತವಾಗಿದೆ' ಎಂಬುದನ್ನೂ ಸೇರಿಸಿದಳು. ಡಾಕ್ಟರ್ ಪಿಂಟೊ ನೋಡಿ, "ಇದರಲ್ಲಿ ಎಂತ ಉಂಟು ಕೇಳುವುದು," ಎಂದು ಒಪ್ಪಿಗೆ ಹಾಕಿದರು.

ಚೈತ್ರದ ಒಂದು ಮಧ್ಯಾಹ್ನ ಪಕ್ಕದ ಮನೆಯ ರೇವಣ್ಣ ಫೋನ್ ಮಾಡಿದರು. ಮೇದಿನಿ ಆಗ ದನಿ ಹಿಡಿಯುವ ಪುಟ್ಟ ಕೋಣೆಯಲ್ಲಿ ಹೊಸ ಪ್ರಶ್ನೆಗಳನ್ನು ಓದುತ್ತಿದ್ದಳು.

"ಮೇದಿನಿ, ಊರಿಗೆ ಬಂದು ಹೋಗಮ್ಮ. ಅಪ್ಪಂಗೆ ಸ್ವಲ್ಪ ಹುಷಾರಿಲ್ಲ."

"ಮಾತಾಡ್ತಿದಾರಾ ಮಾವ?"

"ನೀನು ಬಾರವ್ವ."

ಆ ಮಾತಿನ ಅರ್ಥ ಅವಳಿಗೆ ಬಸ್ಸು ಹತ್ತುವ ಮೊದಲೇ ಗೊತ್ತಿತ್ತು. ಊರಿನ ಜನ ಫೋನಿನಲ್ಲಿ ಸತ್ತರು ಎನ್ನುವುದಿಲ್ಲ. ಸ್ವಲ್ಪ ಹುಷಾರಿಲ್ಲ ಎಂದು, ಏನು ಕೇಳಿದರೂ ಬಾ ಎಂದಷ್ಟೇ ಹೇಳುತ್ತಾರೆ. ಕಿಟಕಿಯ ಪಕ್ಕ ಕೂತು ಅವಳು ದಾರಿಯುದ್ದಕ್ಕೂ ಅಳಲಿಲ್ಲ. ಅಪ್ಪನನ್ನು ಜಗಲಿಯ ಮೇಲೆ, ಗೋಡೆಗೆ ಒರಗಿಸಿ, ಪದ್ಮಾಸನದಲ್ಲಿ ಕೂರಿಸಿದ್ದರು. ಹಣೆಗೆ ವಿಭೂತಿ. ಡ್ರಿಲ್ ಮಾಡಿಸುವಾಗ ನಿಲ್ಲುತ್ತಿದ್ದ ಹಾಗೇ ಬೆನ್ನು ನೆಟ್ಟಗಿತ್ತು. ತೆರೆದ ಎದೆಯ ಮೇಲೆ ಲಿಂಗವಿತ್ತು. ಡಬ್ಬಿಯ ಜಾಗದಲ್ಲಿ ಬೆಳಕಿಲ್ಲದ ಬರೀ ಚರ್ಮವಿತ್ತು.

ಹೆಂಗಸರ ನಡುವೆ ಕೂತಿದ್ದ ಅಮ್ಮ ಮಗಳನ್ನು ಕಂಡು ಕೈ ಚಾಚಿದರು. ಆ ಕೈಯನ್ನು ಹಿಡಿದುಕೊಂಡಾಗ ಅಮ್ಮ ಹೇಳಿದ್ದನ್ನು ಮೇದಿನಿಗೆ ಮುಂದೆ ಎಷ್ಟೋ ದಿನ ತಲೆಯಿಂದ ತೆಗೆಯಲಾಗಲಿಲ್ಲ.

"ಎದೆ ಹಿಡ್ಕೊಂಡಂಗೆ ಆಯ್ತು ಅಂದ್ರು. ನಿನ್ನನ್ನೇ ಕೇಳಿದೆ ಮಗಾ. ಗಾಬರಿ ಬೇಡ, ಮಲಗಲಿ ಅಂದೆ ನೀನು. ಮಲಗಿಸ್ದೆ."

ದೂರಿನ ದನಿಯಲ್ಲ ಅದು. ನಡೆದದ್ದನ್ನು ಒಪ್ಪಿಸುವ ದನಿ.

ಶಿವಗಣಾರಾಧನೆ ಮುಗಿಸಿ ಕೇಂದ್ರಕ್ಕೆ ಮರಳಿದ ದಿನವೇ ಡಾಕ್ಟರ್ ಪಿಂಟೊ ಅವಳನ್ನು ತಮ್ಮ ಕೋಣೆಗೆ ಕರೆದರು. ಮಣ್ಣು ಮಾಡುವ ಮೊದಲು ತೆಗೆಸಿಕೊಂಡಿದ್ದ ಡಬ್ಬಿಯನ್ನು ಬಿಚ್ಚಿ ನೋಡಿದ್ದರಂತೆ, ಬ್ಯಾಟರಿಯ ಒಂದು ಬೆಸುಗೆ ಬಿಟ್ಟಿತ್ತಂತೆ. ಹೆಪ್ಪು ಕಟ್ಟುವ ಮೊದಲೇ ಅದು ಸತ್ತಿತ್ತು.

"ಆದ್ರೆ ಆಂಬುಲೆನ್ಸ್ ಯಾಕೆ ಹೋಗ್ಲಿಲ್ಲ ಅಂತ ಕೇಳ್ತಾರೆ," ಎಂದು ಅವರು ಮೇಜಿನ ಮೇಲಿನ ಪೇಪರ್‌ವೆಯ್ಟನ್ನು ತಿರುಗಿಸುತ್ತ ಹೇಳಿದರು. "ಬೆಳಕು ನಿಶ್ಚಲವಾಗಿದೆ ಅಂತ ಮನೆಯವರು ಹೇಳಿದ್ದು ಅಂತ ಉಂಟು ಕರೆಯ ದಾಖಲೆಯಲ್ಲಿ. ತಪ್ಪು ಮಾಹಿತಿ ಅಂತ ಬರೀಬೇಕಾಗ್ತದೆ. ನಿಮ್ಮ ತಾಯಿಗೆ ಕಣ್ಣು ಸರಿ ಕಾಣ್ತದಾ?"

"ಸೂಜಿಗೆ ದಾರ ಪೋಣಿಸ್ತಾರೆ ಸರ್."

"ಮತ್ತೆ?"

ಮೇದಿನಿ ಕರೆಯನ್ನು ಕೇಳಿಸಿ ಎಂದಳು. ಡಾಕ್ಟರರು ಬೇಡವೆನ್ನಲು ನೋಡಿದರು, ಅವಳು ತಲೆ ತಗ್ಗಿಸಿ ಕೂತೇ ಇದ್ದುದರಿಂದ ಹಾಕಿದರು.

ಮೊದಲು ಅವಳದೇ ದನಿ. ನಮಸ್ಕಾರ. ಎದೆಯ ಮೇಲಿನ ದೀಪ ಹೇಗಿದೆ? ಆಮೇಲೆ ಅಮ್ಮನ ದನಿ, ಉಸಿರು ಸಿಕ್ಕಿಕೊಂಡ ಹಾಗೆ.

"ಎದೆ ಹಿಡ್ಕೊಂಡಂಗಿದೆ ಅಂತಾರೆ. ದೀಪ ಶಾಂತವಾಗಿದೆ ಕಣಮ್ಮಾ."

ಮೇದಿನಿ ಕೈ ಎತ್ತಿ ನಿಲ್ಲಿಸಿ ಎಂದಳು.

ಆ ಮನೆಯಲ್ಲಿ ಅವಳು ಹುಟ್ಟಿದಾಗಿನಿಂದ ದೀಪ ಆರಿದ್ದೇ ಇಲ್ಲ. ಮಲಗುವ ಮುಂಚೆ ಅಮ್ಮ 'ದೇವರ ದೀಪ ಶಾಂತ ಮಾಡಿ ಬಾ' ಎನ್ನುತ್ತಿದ್ದರು. ಗಾಳಿಗೆ ಹಣತೆ ಹೋದರೆ 'ಶಾಂತವಾಯ್ತು' ಎನ್ನುತ್ತಿದ್ದರು. ಅಕ್ಕಿ ಮುಗಿದರೆ ಹೆಚ್ಚಿದೆ. ಬಳೆ ಒಡೆದರೂ ಹೆಚ್ಚಿತು. ಆರಿತು, ಮುಗಿಯಿತು, ಇಲ್ಲ ಎಂಬ ಮಾತುಗಳನ್ನು ಮುತ್ತೈದೆಯ ಬಾಯಿ ಆಡಬಾರದು, ಆಡಿದರೆ ಅದು ಆಗಿಬಿಡುತ್ತದೆ. ಇದನ್ನೆಲ್ಲ ಮೇದಿನಿ ಎಂ.ಎ.ಯಲ್ಲಿ ಒಂದು ಪ್ರಬಂಧವಾಗಿ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದಳು. ಕೇಂದ್ರದಲ್ಲಿ ಕೂತು 'ಶಾಂತವಾಗಿದೆ' ಎಂಬುದನ್ನು ಗುಂಪಿಗೆ ಸೇರಿಸುವಾಗ ಮಾತ್ರ ಅದು ನೆನಪಿಗೆ ಬರಲಿಲ್ಲ, ಏಕೆಂದರೆ ಅಲ್ಲಿ ಅವಳ ಮನಸ್ಸಿನಲ್ಲಿದ್ದದ್ದು ಸಾಸಿವೆಕಾಳಿನಷ್ಟು ಬಲ್ಬು. ಅಮ್ಮನಿಗೆ ಅದು ದೀಪ.

ಅವಳು ಇದನ್ನು ತಡೆದು ತಡೆದು ಹೇಳಿದಳು.

"ನಮ್ಮ ಕಡೆ ನಾನು ಕೇಳಿದ್ದಿಲ್ಲ ಇದನ್ನು. ಶಾಂತ ಅಂದ್ರೆ ಶಾಂತ ಅಂತಲೇ ನಾನು..." ಡಾಕ್ಟರ್ ಪಿಂಟೊ ಕನ್ನಡಕ ತೆಗೆದು ಒರೆಸಿದರು. "ಇವತ್ತಿನಿಂದ ಆ ಶಬ್ದ ಬಂದ ಕರೆಯನ್ನೆಲ್ಲ ಮನುಷ್ಯರ ಕೈಗೆ ಕೊಡುವ. ಆದ್ರೆ ಅದು ಸ್ವಲ್ಪ ದಿನಕ್ಕೆ. ಯಂತ್ರಕ್ಕೇ ಕಲಿಸ್ಬೇಕಾದ್ರೆ ನಿಯಮ ನಿಮಗೆ ಗೊತ್ತುಂಟಲ್ಲ."

ಗೊತ್ತಿತ್ತು. ಒಂದು ಮಾತಿನ ಅರ್ಥವನ್ನು ಬದಲಿಸಬೇಕಾದರೆ, ಆ ಅರ್ಥದಲ್ಲೇ ಯಾರೋ ಆಡಿದ ನಿಜವಾದ ಕರೆಯೊಂದು ಬೇಕು. ಕೇಂದ್ರದವರು ತಮ್ಮ ಊಹೆಯಂತೆ ತಿದ್ದಬಾರದು ಎಂದು ಮಾಡಿದ ನಿಯಮ. ಕರೆ ಮಾಡಿದವರು ಅದನ್ನು ಪೂರ್ತಿ ಕೇಳಿ, ಏಕೆ ಬೇಕೆಂದು ತಿಳಿದು, ಒಪ್ಪಬೇಕು.

"ಬೇರೆ ಯಾರದ್ದಾದ್ರೂ ಕರೆ ಬರುವವರೆಗೆ ಕಾಯ್ಬಹುದಾ ಸರ್?"

ಕೇಳಿದ ಮೇಲೆ ಅವಳಿಗೇ ತಾನು ಏನು ಕೇಳಿದೆನೆಂದು ತಿಳಿಯಿತು. ಇನ್ನೊಬ್ಬಳು ಹೆಂಗಸು ಅದೇ ಮಾತನ್ನು ಅದೇ ಅರ್ಥದಲ್ಲಿ ಆಡಬೇಕಾದರೆ ಇನ್ನೊಂದು ಮನೆಯಲ್ಲಿ ಒಂದು ಎದೆಯ ದೀಪ ಆರಬೇಕು. ಡಾಕ್ಟರ್ ಪಿಂಟೊ ಪೇಪರ್‌ವೆಯ್ಟನ್ನು ಪಕ್ಕಕ್ಕಿಟ್ಟರು. "ಮುಂದಿನದ್ದು ಕೇಳ್ತೀರಾ? ಇನ್ನೂ ಸ್ವಲ್ಪ ಉಂಟು," ಅಂದರು. ಅವಳು ಬೇಡವೆಂದು ತಲೆಯಾಡಿಸಿ ಎದ್ದಳು.

ಬಾಡಿಗೆ ಕೋಣೆಗೆ ಬಂದು ಅವಳು ಲೆಕ್ಕ ಹಾಕುತ್ತಲೇ ಇದ್ದಳು. ಅಮ್ಮನಿಗೆ ಹೇಳದಿದ್ದರೆ, ತಪ್ಪು ಮಾಹಿತಿ ಕೊಟ್ಟ ಮನೆಯವರು ಎಂಬ ಒಂದು ಸಾಲಿನ ಕೆಳಗೆ ಎಲ್ಲ ಮುಗಿಯುತ್ತದೆ. ಅಮ್ಮ ಆ ಸಾಲನ್ನು ಎಂದೂ ಓದುವುದಿಲ್ಲ. ದೇವರು ಕರೆದುಕೊಂಡ ಎಂದು ನಂಬಿ ಬದುಕುತ್ತಾರೆ. ಹೇಳಿದರೆ, ಗಂಡನನ್ನು ಉಳಿಸಲಿ ಎಂದೇ ಜೋಪಾನವಾಗಿ ಆರಿಸಿ ಆಡಿದ ಮಾತು ಅವನನ್ನು ಕೊಂದಿತೆಂದು ಒಬ್ಬ ಹೆಂಗಸು ತಿಳಿದುಕೊಂಡು ಉಳಿದ ಆಯಸ್ಸನ್ನು ಕಳೆಯಬೇಕು. ಆದರೆ ತುರುವೇಕೆರೆಯಿಂದ ಹಾಸನದವರೆಗೆ ಎಷ್ಟು ಮನೆಗಳಲ್ಲಿ ಮುಸ್ಸಂಜೆ ಗಂಡನ ಎದೆಗೆ ಕೈಮುಗಿಯುವವರಿದ್ದಾರೋ. ಅವರ ಗೋಡೆಯ ಮೇಲೆಲ್ಲ ಇರುವುದು ಮೇದಿನಿಯದೇ ದನಿ. ಸಂತೋಷ, ಗಾಬರಿ ಬೇಡ, ಮಲಗಲಿ.

ಭಾನುವಾರ ಅವಳು ಊರಿಗೆ ಹೋದಳು.

ಸರ್ವಮಂಗಳಮ್ಮ ಹಿತ್ತಿಲ ಕಟ್ಟೆಯ ಮೇಲೆ ಕೂತು ಹುರುಳಿ ಆರಿಸುತ್ತಿದ್ದರು. ಹಣೆಯಲ್ಲಿ ವಿಭೂತಿ ಮಾತ್ರ. ಬಳೆಯಿಲ್ಲದ ಕೈ ಮೊರದ ಮೇಲೆ ಸದ್ದಿಲ್ಲದೆ ಓಡಾಡುತ್ತಿತ್ತು. ಮೇದಿನಿಗೆ ಆ ಸದ್ದಿಲ್ಲದ್ದೇ ಹೆಚ್ಚು ಕೇಳಿಸಿತು.

"ಸೊರಗಿದೀಯ," ಎಂದರು ಅಮ್ಮ. "ಆ ಪಿಂಟೊ ಡಾಕ್ಟ್ರು ಊಟಕ್ಕೂ ಬಿಡಲ್ವಾ?"

"ಅಮ್ಮ, ನಿನ್ನ ಹತ್ರ ಒಂದು ಮಾತು."

"ಕೂತ್ಕೊಂಡು ಹೇಳು. ನಿಂತ್ಕೊಂಡು ಹೇಳೋ ಮಾತಿಗೆ ನಂಗೆ ಹೆದರಿಕೆ."

ಮೇದಿನಿ ಕೂತಳು. ಹೇಗೆ ಶುರು ಮಾಡಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ವಾಕ್ಯಗಳೆಲ್ಲ ಚದುರಿದವು. ಕೊನೆಗೆ, "ಅವತ್ತು ದೀಪ ಹೇಗಿತ್ತಮ್ಮ?" ಎಂದು ಕೇಳಿದಳು. ಗೋಡೆಯ ಪೆಟ್ಟಿಗೆ ಕೇಳುವ ಹಾಗೇ ಕೇಳಿಬಿಟ್ಟೆನಲ್ಲ ಎಂದು ಆಮೇಲೆ ಅನ್ನಿಸಿತು.

"ಹೇಳಿದ್ನಲ್ಲ ಅವತ್ತೇ. ಶಾಂತವಾಗಿತ್ತು."

"ಆರಿತ್ತು."

ಹುರುಳಿಯ ಮೇಲಿನ ಕೈ ನಿಂತಿತು.

"ಹೂಂ," ಎಂದರು ಸರ್ವಮಂಗಳಮ್ಮ.

"ಪೆಟ್ಟಿಗೆಗೆ ಅದು ಗೊತ್ತಾಗಲಿಲ್ಲಮ್ಮ. ಶಾಂತ ಅಂದ್ರೆ ನೆಟ್ಟಗೆ ಉರೀತಿದೆ ಅಂದ್ಕೊಳ್ತು. ಅದಕ್ಕೇ ಗಾಡಿ ಕಳಿಸಲಿಲ್ಲ. ನೀನು ಹೇಳಿದ್ದು ಸರಿ. ನಾನು ಅದಕ್ಕೆ ಕಲಿಸಿದ್ದು ತಪ್ಪು. ಆ ಮಾತನ್ನ ಆ ಗುಂಪಿಗೆ ಹಾಕಿದ್ದು ನಾನೇ."

ಇಷ್ಟು ಉದ್ದದ ಮಾತನ್ನು ಅವಳು ಅಮ್ಮನೆದುರು ಎಂದೂ ಆಡಿರಲಿಲ್ಲ. ಅಮ್ಮ ಮೊರವನ್ನು ಪಕ್ಕಕ್ಕಿಟ್ಟರು. ಕಾಳುಗಳನ್ನು ನೋಡುತ್ತಲೇ ಕೇಳಿದರು.

"ಆರಿದೆ ಅಂದಿದ್ರೆ ಬರ್ತಿತ್ತಾ ಗಾಡಿ?"

ಸುಳ್ಳು ಹೇಳುವ ಅವಕಾಶವಿತ್ತು. ಬರುತ್ತಿತ್ತು, ಆದರೂ ಉಳಿಯುತ್ತಿದ್ದರೋ ಇಲ್ಲವೋ ಎಂದು ಸುತ್ತಿ ಹೇಳಬಹುದಿತ್ತು. ನಿಜವಾಗಿಯೂ ಅದು ಯಾರಿಗೂ ಗೊತ್ತಿರಲಿಲ್ಲ.

"ಬರ್ತಿತ್ತು," ಎಂದಳು ಮೇದಿನಿ.

ಅಮ್ಮ ಅಳುತ್ತಾರೆ ಎಂದುಕೊಂಡಿದ್ದಳು. ಅಮ್ಮ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಕೂತರು.

"ನಂಗೆ ಗೊತ್ತಿತ್ತು ಕಣೇ ಆರಿದೆ ಅಂತ. ನೋಡಿದ ತಕ್ಷಣ ಗೊತ್ತಾಯ್ತು. ಬಾಯಿಗೆ ತರೋಕಾಗಲಿಲ್ಲ. ಅವರ ಎದೆ ಮೇಲಿನ ದೀಪ ಅದು. ಆರಿದೆ ಅಂತ ನನ್ ಬಾಯಲ್ಲಿ ಹೆಂಗಂದೇನು. ಆಮೇಲೆ ನೀನು, ಶಾಂತವಾಗಿದೆ ಎಂದಿರಿ, ಗಾಬರಿ ಬೇಡ ಅಂದೆಯಲ್ಲ. ಓ, ಇವಳಿಗೆ ಅರ್ಥ ಆಯ್ತು, ಆರಿದ್ರೂ ಪರವಾಗಿಲ್ಲ ಅಂತ ಇವಳಿಗೆ ಗೊತ್ತಿರುತ್ತೆ, ಓದಿದೋಳು ಅಂದ್ಕೊಂಡೆ."

"ತಪ್ಪು ನಂದೇ ಅಮ್ಮ."

"ನಿಂದು ಇಷ್ಟು ನಂದು ಇಷ್ಟು ಅಂತ ಹಂಚ್ಕೊಳ್ಳೋಕೆ ಇದೇನು ಹೋಳಿಗೆನಾ," ಎಂದರು ಅಮ್ಮ. ಮಾತು ಗಡುಸಾಗಿತ್ತು, ದನಿ ಒಡೆದಿತ್ತು. "ಈಗ ಯಾಕೆ ಹೇಳ್ದೆ? ಹೇಳ್ದೆ ಇದ್ರೆ ನಂಗೆ ಗೊತ್ತಾಗ್ತಿರಲಿಲ್ಲವಲ್ಲ."

ಮೇದಿನಿ ನಿಯಮವನ್ನು ಹೇಳಿದಳು. ಉಳಿದ ಮನೆಗಳನ್ನು ಹೇಳಿದಳು. ಆ ಕರೆಯನ್ನು ನೀನು ಕೇಳಬೇಕು, ಆಮೇಲೆ ಒಪ್ಪಬೇಕು, ಬೇಡ ಅಂದರೆ ಇಲ್ಲಿಗೇ ಬಿಡೋಣ, ಯಾರೂ ಬಲವಂತ ಮಾಡಲ್ಲ ಎಂದಳು. ಸರ್ವಮಂಗಳಮ್ಮ ಹಿತ್ತಿಲ ಗೋಡೆಯಾಚೆ ರೇವಣ್ಣನ ಮನೆಯ ಕಡೆ ನೋಡಿದರು. ರೇವಣ್ಣನ ಎದೆಯಲ್ಲೂ ಡಬ್ಬಿಯಿತ್ತು. ಅವರ ಹೆಂಡತಿ ಒಳಗೆ ಯಾರನ್ನೋ ಬೈಯುತ್ತಿದ್ದುದು ಕೇಳುತ್ತಿತ್ತು.

"ಹಾಕು," ಎಂದರು.

ಮೇದಿನಿ ಕರೆಯಿದ್ದ ಫೋನನ್ನು ಇಬ್ಬರ ನಡುವೆ ಕಟ್ಟೆಯ ಮೇಲಿಟ್ಟಳು. ನಮಸ್ಕಾರ. ದೀಪ ಹೇಗಿದೆ. ಎದೆ ಹಿಡ್ಕೊಂಡಂಗಿದೆ ಅಂತಾರೆ. ದೀಪ ಶಾಂತವಾಗಿದೆ ಕಣಮ್ಮಾ. ಅಮ್ಮ ಕಣ್ಣು ಮುಚ್ಚಿದರು. ಶಾಂತವಾಗಿದೆ ಎಂದಿರಿ. ಸಂತೋಷ. ಹೃದಯಕ್ಕೆ ತೊಂದರೆಯಿಲ್ಲ, ಗಾಬರಿ ಬೇಡ. ಅವರು ಸ್ವಲ್ಪ ಹೊತ್ತು ಮಲಗಲಿ. ನಮಸ್ಕಾರ.

ಅಲ್ಲಿಗೆ ಮುಗಿಯಿತೆಂದು ಮೇದಿನಿ ಕೈ ಚಾಚಿದಳು. ಮುಗಿದಿರಲಿಲ್ಲ. ಮನೆಯವರು ಮತ್ತೇನಾದರೂ ಕೇಳಬಹುದೆಂದು ಪೆಟ್ಟಿಗೆ ಸ್ವಲ್ಪ ಹೊತ್ತು ಕಿವಿ ತೆರೆದೇ ಇರುತ್ತಿತ್ತು. ಮಂಚದ ಕಿರುಗುಟ್ಟುವಿಕೆ ಕೇಳಿಸಿತು. ಆಮೇಲೆ ದೂರದಿಂದ, ಸಣ್ಣಗೆ, ಷಡಕ್ಷರಿ ಮೇಷ್ಟ್ರ ದನಿ.

"ಯಾರೇ ಅದು. ಮೇದಿನಿನಾ?"

"ಹೂಂ ಕಣ್ರೀ. ನೀವು ಮಾತಾಡಬೇಡಿ, ಮಲ್ಕೊಳ್ಳಿ."

"ಊಟ ಮಾಡಿದ್ಲಂತಾ ಕೇಳು."

"ಅಯ್ಯೋ, ಅದು ಪೆಟ್ಟಿಗೆ ಕಣ್ರೀ."

"ಪೆಟ್ಟಿಗೆ ಆದ್ರೇನು. ಕೇಳೇ."

ಆಮೇಲೆ ಸರ್ವಮಂಗಳಮ್ಮನ ದನಿ, ಪೆಟ್ಟಿಗೆಯ ತೀರ ಹತ್ತಿರದಿಂದ, ನಾಚಿಕೊಂಡ ಹಾಗೆ.

"ಊಟ ಆಯ್ತಾ ಮಗಾ? ಅಪ್ಪ ಕೇಳ್ತಿದಾರೆ."

"ಕ್ಷಮಿಸಿ," ಎಂದಿತು ಮೇದಿನಿಯ ದನಿ, ಬಹಳ ಮೃದುವಾಗಿ. "ನಿಮ್ಮ ಮಾತು ನನಗೆ ಅರ್ಥವಾಗಲಿಲ್ಲ."

ಫೋನು ಸುಮ್ಮನಾಯಿತು. ಆಗ ಅತ್ತದ್ದು ಮೇದಿನಿ. ಬಸ್ಸಿನಲ್ಲಿ, ಜಗಲಿಯ ಮೇಲೆ, ಸಮಾಧಿಗೆ ಮಣ್ಣು ಹಾಕುವಾಗ ಬಾರದ ಅಳು ಕಿತ್ತುಕೊಂಡು ಬಂತು. ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟರು.

"ಅವರು ಮಾತಾಡಿದ್ದು ಅದೇ ಕೊನೆ," ಎಂದರು. "ನಂಗೆ ಮರ್ತೇ ಹೋಗಿತ್ತು. ಕೊನೇಲಿ ಏನಂದ್ರು ಅಂತ ಎಲ್ಲಾರೂ ಕೇಳಿದ್ರು, ಏನೂ ಅನ್ನಲಿಲ್ಲ ಅಂತ ಹೇಳಿದ್ದೆ. ಇನ್ನೊಂದ್ಸಲ ಹಾಕು."

ಇನ್ನೊಂದು ಸಲ ಹಾಕಿದಳು. ಮತ್ತೊಂದು ಸಲ. ತಾನೇ ಆಡಿದ 'ಶಾಂತವಾಗಿದೆ' ಬಂದಾಗ ಅಮ್ಮನ ಮುಖ ಈಗ ಬದಲಾಗುತ್ತಿರಲಿಲ್ಲ. ಅದನ್ನು ದಾಟಿ ಮಂಚ ಕಿರುಗುಟ್ಟುವುದಕ್ಕಾಗಿ ಕಾಯುತ್ತಿದ್ದರು.

"ತಗೊಂಡು ಹೋಗು," ಎಂದರು ಕೊನೆಗೆ. "ನನ್ನ ಮಾತು ಕೊಟ್ಟೆ. ಶಾಂತ ಒಂದೇ ಅಲ್ಲ, ನಂದಿತು ಅನ್ನಲ್ಲ ನಮ್ಮೋರು, ದೊಡ್ಡದಾಯ್ತು ಅಂತಾರೆ ಕೆಲವರು. ಅದನ್ನೂ ಕೇಳ್ಕೊಂಡು ಬಾ ನಾಕು ಮನೇಲಿ. ಆದ್ರೆ ಇವರು ಮಾತಾಡಿದ್ದು ಕೊಡಲ್ಲ. ಅದನ್ನ ಕತ್ತರಿಸಿ ನಂಗೆ ಕೊಟ್ಟು, ಉಳಿದಿದ್ದು ಯಂತ್ರಕ್ಕೆ ಹಾಕು."

"ಆಯ್ತಮ್ಮ."

"ಯಂತ್ರಕ್ಕೆ ಅದು ಹೆಂಗೂ ಅರ್ಥ ಆಗಲಿಲ್ವಲ್ಲ."

ರೇವಣ್ಣನ ಹೆಂಡತಿಯ ಬೈಗುಳ ನಿಂತಿತ್ತು. ಹಿತ್ತಿಲ ಬಿಸಿಲು ಕಟ್ಟೆಯ ಅಂಚಿಗೆ ಬಂದಿತ್ತು. ಸರ್ವಮಂಗಳಮ್ಮ ಫೋನನ್ನು ಮಗಳ ಕಡೆ ತಳ್ಳಿದರು.

"ಕೇಳಿದಾರಲ್ಲ ಅಪ್ಪ. ಹೇಳು."

ಮೇದಿನಿ ಮುಖ ಒರೆಸಿಕೊಂಡಳು. ಅಪ್ಪ ಹೋದ ಆ ಮಧ್ಯಾಹ್ನ ರೆಕಾರ್ಡಿಂಗ್ ಇತ್ತು. ಹೊಟ್ಟೆ ತುಂಬಿದ್ದರೆ ದನಿ ಭಾರವಾಗುತ್ತದೆಂದು ಅವಳು ಬುತ್ತಿಯ ಮುಚ್ಚಳ ಕೂಡ ತೆಗೆದಿರಲಿಲ್ಲ. ಆಯ್ತು ಎನ್ನಬಹುದಿತ್ತು, ಎಲ್ಲ ಮಕ್ಕಳೂ ಎಲ್ಲ ಅಪ್ಪಂದಿರಿಗೂ ಹಾಗೇ ಹೇಳುತ್ತಾರೆ.

"ಇಲ್ಲಪ್ಪ," ಎಂದಳು. "ಮಾಡಿಲ್ಲ."

ಅಮ್ಮ ಎದ್ದು, ಮಂಡಿ ಹಿಡಿದುಕೊಂಡು ಒಳಗೆ ನಡೆದು, ಎರಡು ತಟ್ಟೆ ಹಾಕಿದರು.